ಗಾಲಿಯ ಮೇಲಿನ ಮನೆಗೆ ಕಾವಲು ಯಾರು?

ಸತ್ಯಮಂಗಲ ಎಂದೊಡನೆ ಬಹುಮಂದಿಗೆ ನೆನಪಾಗುವುದು ಗಡಿಯಾಚೆಯ ತಮಿಳುನಾಡಿನ ಸತ್ಯಮಂಗಲ. ಅಲ್ಲಿನ ದಟ್ಟ ಕಾಡು, ಆನೆ, ಹುಲಿ, ಒಂದು ಕಾಲಕ್ಕೆ ವೀರಪ್ಪನ್. ಆದರೆ ನಾವೀಗ ಹೊರಟಿರುವುದು ಅಲ್ಲಿಗಲ್ಲ. ತುಮಕೂರು ನಗರದ ಮಗ್ಗುಲಲ್ಲೇ ಇನ್ನೊಂದು ಸತ್ಯಮಂಗಲವಿದೆ. ಇಲ್ಲಿ ಕಾಡಿಲ್ಲ, ಕೈಗಾರಿಕಾ ಪ್ರದೇಶವಿದೆ. ಹುಲಿ ಘರ್ಜನೆಯ ಬದಲು ಲಾರಿಗಳ ಗುಡುಗು. ಪ್ರವಾಸಿಗರು ಕ್ಯಾಮೆರಾ ಹಿಡಿದು ಬರುವ ಊರು ಇದಲ್ಲ. ಆದರೂ ಇಲ್ಲಿ ಪ್ರತಿ ರಾತ್ರಿ ತಂಗುವ ಪರಸ್ಥಳದವರ ಸಂಖ್ಯೆ ಯಾವ ಯಾತ್ರಾಸ್ಥಳಕ್ಕೂ ಕಡಿಮೆಯಿರಲಾರದು. ಅವರು ತಂಗುವುದು ಛತ್ರದಲ್ಲಲ್ಲ, ಲಾಡ್ಜಿನಲ್ಲೂ ಅಲ್ಲ. ತಾವು ತಂದ ಗಾಡಿಯಲ್ಲಿ!

ಹೊತ್ತು ಮುಳುಗುವ ವೇಳೆಗೆ ಈ ಕಡೆ ಬಂದು ನೋಡಬೇಕು. ಸರಕು ಇಳಿಸಲು, ಇಲ್ಲವೇ ತುಂಬಿಕೊಳ್ಳಲು ಸರದಿ ಕಾಯುವ ಲಾರಿಗಳು. ಹತ್ತಾರು ಗಾಲಿಗಳ ಉದ್ದನೆಯ ಟ್ರೇಲರುಗಳು. ನಂಬರ್ ಪ್ಲೇಟ್ ಓದುತ್ತಾ ಹೋದರೆ ಅರ್ಧ ಭಾರತದ ಭೂಪಟವೇ ಕಣ್ಣಮುಂದೆ ಬರುತ್ತದೆ. ಲಾರಿಯ ಮರೆಯಲ್ಲಿ ಉರಿಯುವ ಸಣ್ಣ ಸ್ಟವ್, ಅದರ ಮೇಲೆ ಕುದಿಯುವ ಅನ್ನ, ಕನ್ನಡಿಗೆ ಕಟ್ಟಿದ ದಾರದಲ್ಲಿ ಒಣಗುವ ಪಂಚೆ, ಮುಂಭಾಗದಲ್ಲಿ ತೂಗುವ ನಿಂಬೆಹಣ್ಣು ಮೆಣಸಿನಕಾಯಿ. ಕ್ಯಾಬಿನ್ನಿನ ಒಳಗೆ ದೇವರ ಪಟ, ಹಾಸಿಗೆ ಸುರುಳಿ, ಮಕ್ಕಳ ಫೋಟೋ. ಚಾಲಕನಿಗೂ ಕ್ಲೀನರ್‌ಗೂ ವರ್ಷದ ಬಹುಪಾಲು ಇದೇ ಮನೆ.

ಮನೆಯೆಂದ ಮೇಲೆ ಕಳ್ಳರ ಭಯವೂ ಇದ್ದದ್ದೇ. ನಮ್ಮ ನಿಮ್ಮ ಮನೆಗೆ ಗೋಡೆಯಿದೆ, ಗೇಟಿದೆ, 'ಯಾರ್ರೀ ಅದು?' ಎಂದು ಕೇಳುವ ಪಕ್ಕದ ಮನೆಯವರಿದ್ದಾರೆ. ಗಾಲಿಯ ಮೇಲಿನ ಮನೆಗೆ ದಿನಕ್ಕೊಂದು ಊರು, ರಾತ್ರಿಗೊಬ್ಬ ನೆರೆಯವ. ಅದನ್ನು ಕಾಯುವವರು ಯಾರು? ಇದು ಲಾರಿಯವರ ಪ್ರಶ್ನೆ ಮಾತ್ರವಲ್ಲ. ಮಕ್ಕಳನ್ನು ಶೈಕ್ಷಣಿಕ ಪ್ರವಾಸಕ್ಕೆ ಕಳುಹಿಸುವ, ರಜೆಯಲ್ಲಿ ವ್ಯಾನ್ ಮಾಡಿಕೊಂಡು ಮನೆಮಂದಿಯೆಲ್ಲ ಹೊರಡುವ ಪ್ರತಿಯೊಬ್ಬರ ಪ್ರಶ್ನೆಯೂ ಹೌದು.

ಕಡಾಣಿ ಇಲ್ಲದ ಬಂಡಿ

ತುಮಕೂರು ಸೀಮೆಗೆ ಸಂಚಾರ ಹೊಸದಲ್ಲ. ಬೆಂಗಳೂರಿನಿಂದ ಪುಣೆ, ಮುಂಬಯಿಗೆ ಹೋಗುವ ಹೆದ್ದಾರಿ ಈ ಊರನ್ನು ಸವರಿಕೊಂಡೇ ಹೋಗುತ್ತದೆ. ಹಿಂದೆ ಅದು ರಾಷ್ಟ್ರೀಯ ಹೆದ್ದಾರಿ 4, ಈಗ 48. ಇನ್ನೊಂದು ಕವಲು ಗುಬ್ಬಿ, ತಿಪಟೂರುಗಳ ಕಡೆಗೆ. ತುಮಕೂರಿನ ಬಿ.ಎಚ್. ರಸ್ತೆ ಎಂದರೆ ಬೆಂಗಳೂರು-ಹೊನ್ನಾವರ ರಸ್ತೆ ಎಂಬುದು ದಿನಾ ಅದರ ಮೇಲೆ ಓಡಾಡುವ ಎಷ್ಟೋ ವಿದ್ಯಾರ್ಥಿಗಳಿಗೆ ತಿಳಿಯದು. ತಿಪಟೂರಿನ ಕೊಬ್ಬರಿ ಚೀಲಗಳು ಈ ದಾರಿಯಲ್ಲೇ ಬರಬೇಕು. ಕೊಬ್ಬರಿ, ಅಡಿಕೆ ತುಂಬಿದ ಲಾರಿ ಎಂದರೆ ಅದು ಓಡಾಡುವ ತಿಜೋರಿ.

ಮೋಟಾರು ಬರುವ ಮೊದಲು ಈ ದಾರಿಗಳಲ್ಲಿ ಓಡಾಡುತ್ತಿದ್ದದ್ದು ಎತ್ತಿನ ಬಂಡಿ. ಸೈನ್ಯದ ಸರಂಜಾಮು ಎಳೆಯಲೆಂದೇ ಮೈಸೂರು ಅರಸರು ದನಗಳ ಇಲಾಖೆಯನ್ನು ಬೆಳೆಸಿದರು. ಟಿಪ್ಪು ಸುಲ್ತಾನ್ ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಆ ದನಗಳಿಗೆಂದು ಕಾದಿರಿಸಿದ ಹುಲ್ಲುಗಾವಲುಗಳಿಗೆ ಈ ಸೀಮೆಯಲ್ಲಿ 'ಕಾವಲು' ಎಂದೇ ಹೆಸರು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಈಗ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಇದೆ. ಉದ್ಘಾಟನೆಯಾದದ್ದು 2023ರ ಫೆಬ್ರವರಿ 6ರಂದು. ಎತ್ತು ಮೇಯುತ್ತಿದ್ದಲ್ಲಿ ಹೆಲಿಕಾಪ್ಟರ್! ಕಾಲ ಬದಲಾದರೂ 'ಕಾವಲು' ಎಂಬ ಮಾತು ಮಾತ್ರ ಊರ ಹೆಸರಿನಲ್ಲಿ ಉಳಿದುಕೊಂಡಿದೆ.

ಶಿವರಾತ್ರಿಯ ಆಸುಪಾಸಿನಲ್ಲಿ ಸಿದ್ಧಗಂಗೆಯ ಜಾತ್ರೆಗೆ ಹೋದವರು ದನಗಳ ಪರಿಷೆಯನ್ನೂ ನೋಡಿರುತ್ತೀರಿ. ರೈತರು ಚಪ್ಪರದಡಿ ಎತ್ತುಗಳನ್ನು ಸಾಲಾಗಿ ಕಟ್ಟಿ, ಅವುಗಳ ಪಕ್ಕದಲ್ಲೇ ಹುಲ್ಲು ಹಾಸಿಕೊಂಡು ಮಲಗುತ್ತಾರೆ. ಇವತ್ತು ಇವನು ಎಚ್ಚರ, ನಾಳೆ ಅವನು. ಒಂದು ಚಪ್ಪರದವ ಊಟಕ್ಕೆ ಹೋದರೆ ಪಕ್ಕದ ಚಪ್ಪರದವ ನೋಡಿಕೊಳ್ಳುತ್ತಾನೆ. ಯಾರೂ ಹೇಳಿಕೊಟ್ಟ ಪಾಠವಲ್ಲ ಇದು. ಸಾಲಿನಲ್ಲಿದ್ದರೆ ಸುರಕ್ಷೆ, ಒಂಟಿಯಾದರೆ ಅಪಾಯ.

ಬಂಡಿಯ ಗಾಲಿ ಕಳಚದಂತೆ ಅಚ್ಚಿನ ತುದಿಗೆ ಹಾಕುವ ಮೊಳೆಗೆ ಕಡಾಣಿ ಎನ್ನುತ್ತಾರೆ. ಗೇಣುದ್ದವೂ ಇಲ್ಲದ ಕಬ್ಬಿಣ. ಅದಿಲ್ಲದಿದ್ದರೆ ಬಂಡಿ ನಾಲ್ಕು ಮಾರು ಹೋಗುವಷ್ಟರಲ್ಲಿ ಗಾಲಿ ಕಳಚೀತು. ಸತ್ಯಮಂಗಲದ ಟ್ರೇಲರುಗಳ ಗುಟ್ಟೂ ಇಷ್ಟೇ. ಉದ್ದನೆಯ ಟ್ರೇಲರಿನ ಮುಂಭಾಗದ ಅಡಿಯಲ್ಲಿ ಸುಮಾರು 50 ಮಿಲಿಮೀಟರ್ ದಪ್ಪದ ಉಕ್ಕಿನ ಗೂಟವೊಂದು ಇಳಿಬಿದ್ದಿರುತ್ತದೆ. ಇದಕ್ಕೆ ಕಿಂಗ್ ಪಿನ್ ಎಂದು ಹೆಸರು. ಎಳೆಯುವ ಎಂಜಿನ್ ಗಾಡಿಯ ಬೆನ್ನ ಮೇಲಿನ ದುಂಡು ತಟ್ಟೆಯ ದವಡೆ ಈ ಗೂಟವನ್ನು ಕಚ್ಚಿ ಹಿಡಿಯುತ್ತದೆ. ಎಂಜಿನ್ ಗಾಡಿಯನ್ನು ಬಿಡಿಸಿ ಟ್ರೇಲರನ್ನಷ್ಟೇ ನಿಲ್ಲಿಸಿ ಹೋದರೆ, ಇನ್ನಾರೋ ತಮ್ಮ ಎಂಜಿನ್ ಗಾಡಿ ತಂದು ಸಿಕ್ಕಿಸಿಕೊಂಡು ನಡೆದುಬಿಡಬಹುದು. ಅದಕ್ಕೆಂದೇ ಗೂಟದ ಸುತ್ತ ಕೂರುವ ಉಕ್ಕಿನ ಬೀಗವೊಂದಿದೆ. ಅದನ್ನು ಹಾಕಿದರೆ ದವಡೆಗೆ ಕಚ್ಚಲು ಜಾಗವೇ ಸಿಗುವುದಿಲ್ಲ.

ನಮ್ಮ ಹಳ್ಳಿಗಳ ಟ್ರ್ಯಾಕ್ಟರ್ ಟ್ರೇಲರಿಗೂ ಇದೇ ನ್ಯಾಯ. ಹೊಲದ ಬದುವಿನಲ್ಲೋ ರಸ್ತೆಯಂಚಿನಲ್ಲೋ ಬಿಟ್ಟ ಟ್ರೇಲರನ್ನು ಕದ್ದೊಯ್ಯಲು ಬೇಕಾದದ್ದು ಇನ್ನೊಂದು ಟ್ರ್ಯಾಕ್ಟರ್ ಅಷ್ಟೆ. ಅದಕ್ಕೆ ಕೀಲಿಕೈ ಇಲ್ಲ, ಎಂಜಿನ್ ಇಲ್ಲ, ಕೂಗುವ ಹಾರನ್ನೂ ಇಲ್ಲ. ಮೂತಿಗೆ ಬೀಗ, ಗಾಲಿಗೂ ಮರಕ್ಕೂ ಸೇರಿಸಿ ಸರಪಳಿ, ಚಾಸಿಯ ಮೇಲೆ ಎರಡು ಮೂರು ಕಡೆ ಕೆತ್ತಿಸಿದ ಗುರುತು, ಮನೆಯಲ್ಲಿ ಇಟ್ಟುಕೊಂಡ ನಾಲ್ಕು ಫೋಟೋ. ಇಷ್ಟಿದ್ದರೆ ಕದಿಯುವುದೂ ಕಷ್ಟ, ಕದ್ದ ಮೇಲೆ ಮಾರುವುದು ಇನ್ನೂ ಕಷ್ಟ. ಬಣ್ಣ ಬಳಿದರೆ ಹೆಸರು ಮುಚ್ಚೀತು. ಉಕ್ಕಿನಲ್ಲಿ ಕೊರೆದದ್ದು ಅಷ್ಟು ಸುಲಭಕ್ಕೆ ಮುಚ್ಚದು.

ಟಾರ್ಪಾಲು, ಮೊಹರು, ಡೀಸೆಲ್

ಗಾಡಿಯನ್ನೇ ಹೊಡೆದುಕೊಂಡು ಹೋಗುವ ಕಳ್ಳರು ಕಡಿಮೆ. ಗಾಡಿಯ ಮೈಯಿಂದ ಕೀಳುವವರು ಹೆಚ್ಚು. ಡೀಸೆಲ್ ಟ್ಯಾಂಕಿಗೆ ಪೈಪು ಇಳಿಬಿಟ್ಟು ಹೀರುವುದು, ಬ್ಯಾಟರಿ ಬಿಚ್ಚುವುದು, ಸ್ಟೆಪ್ನಿ ಹೊತ್ತೊಯ್ಯುವುದು, ಟಾರ್ಪಾಲು ಕೊಯ್ದು ಮೇಲಿನ ನಾಲ್ಕು ಚೀಲ ಇಳಿಸುವುದು, ಮಲಗಿದವನ ತಲೆದಿಂಬಿನ ಬಳಿಯಿಂದ ಮೊಬೈಲ್ ಎಗರಿಸುವುದು. ದೂರ ಪ್ರಯಾಣದ ಲಾರಿ ಓಡಿಸುವವರಿಗೆ ಇವು ಅಪರಿಚಿತವಲ್ಲ.

ಕಂಟೇನರಿನ ಬಾಗಿಲಿಗೆ ಮೊಹರು ಹಾಕಿರುತ್ತಾರಲ್ಲ, ಅದನ್ನು ಮುರಿದರೆ ತಾನೇ ಕಳ್ಳತನ ಗೊತ್ತಾಗುವುದು ಎಂದುಕೊಳ್ಳುತ್ತೇವೆ. ಚಾಣಾಕ್ಷ ಕಳ್ಳ ಮೊಹರಿನ ಗೋಜಿಗೇ ಹೋಗುವುದಿಲ್ಲ. ಹಿಡಿಕೆಯನ್ನು ಬಾಗಿಲಿಗೆ ಬಿಗಿದ ಬೋಲ್ಟು ಬಿಚ್ಚಿ, ಸರಕು ತೆಗೆದು, ಮತ್ತೆ ಬೋಲ್ಟು ಹಾಕಿಬಿಡುತ್ತಾನೆ. ಮೊಹರು ಹಾಗೇ ಇರುತ್ತದೆ, ಮಾಲು ಇರುವುದಿಲ್ಲ! ಆದ್ದರಿಂದಲೇ ಬಲ್ಲ ಚಾಲಕ ನಿಂತಲ್ಲೆಲ್ಲ ಇಳಿದು, ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಾನೆ. ಮೊಹರಿನ ನಂಬರನ್ನಷ್ಟೇ ಅಲ್ಲ, ಬೋಲ್ಟಿನ ತಲೆಯ ಮೇಲೆ ಹೊಸ ಗೀರು ಬಿದ್ದಿದೆಯೇ ಎಂದೂ ನೋಡುತ್ತಾನೆ.

ಇನ್ನೊಂದು ಉಪಾಯಕ್ಕೆ ಕಾಸೂ ಖರ್ಚಿಲ್ಲ. ಲಾರಿಯ ಹಿಂಬಾಗಿಲು ಗೋಡೆಗೆ ತಾಗುವಷ್ಟು ಹತ್ತಿರ ಬರುವಂತೆ ಹಿಮ್ಮುಖವಾಗಿ ನಿಲ್ಲಿಸುವುದು. ಗೋಡೆ ಸಿಗದಿದ್ದರೆ ಎರಡು ಲಾರಿ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುವುದು. ಬಾಗಿಲು ತೆರೆಯಲು ಜಾಗವೇ ಇಲ್ಲದಿದ್ದರೆ ಎಂಥ ಸಲಾಕೆಯೂ ಏನು ಮಾಡೀತು?

ಬೀಗದ ಬಗ್ಗೆ ಒಂದು ಮಾತು ಸ್ಪಷ್ಟವಾಗಬೇಕು. ಮುರಿಯಲಾಗದ ಬೀಗ ಎಂಬುದಿಲ್ಲ. ಬೀಗ ಕೊಡುವುದು ಹೊತ್ತು ಮಾತ್ರ. ಒಂದು ನಿಮಿಷದ ಕೆಲಸವನ್ನು ಹತ್ತು ನಿಮಿಷಕ್ಕೆ ಎಳೆಯುತ್ತದೆ. ಆ ಹತ್ತು ನಿಮಿಷದಲ್ಲಿ ಯಾರಾದರೂ ನೋಡುವಂತಿರಬೇಕು, ಸದ್ದು ಯಾರಿಗಾದರೂ ಕೇಳಿಸುವಂತಿರಬೇಕು. ಕತ್ತಲಲ್ಲಿ, ಒಂಟಿಯಾಗಿ ನಿಂತ ಗಾಡಿಗೆ ಎಷ್ಟು ಬೀಗ ಹಾಕಿದರೂ ಕಳ್ಳನಿಗೆ ಅವಸರವಿರುವುದಿಲ್ಲ. ಹಾಗಾಗಿ ಗಾಡಿಯ ಮೊದಲ ಬೀಗ ಅದನ್ನು ನಿಲ್ಲಿಸುವ ಜಾಗ.

ಠಕ್ಕರ ಕಾಲದಿಂದ

ದಾರಿಗಳ್ಳತನಕ್ಕೆ ನಮ್ಮಲ್ಲಿ ದೊಡ್ಡ ಇತಿಹಾಸವೇ ಇದೆ. ಮುಂದೆ ಸುರಪುರದಲ್ಲಿ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ 1839ರಲ್ಲಿ ಠಕ್ಕರನ್ನು ಕುರಿತು ಕಾದಂಬರಿ ಬರೆದು ಇಂಗ್ಲೆಂಡಿನಲ್ಲಿ ಮನೆಮಾತಾದ. ಠಕ್ಕರು ಮೊದಲಿಗೇ ಮೇಲೆ ಬೀಳುತ್ತಿರಲಿಲ್ಲ. ದಾರಿಯಲ್ಲಿ ಜೊತೆಯಾಗುತ್ತಿದ್ದರು, ಸುಖದುಃಖ ವಿಚಾರಿಸುತ್ತಿದ್ದರು, ಒಟ್ಟಿಗೆ ಉಣ್ಣುತ್ತಿದ್ದರು. ನಂಬಿಕೆ ಕುದುರಿದ ಮೇಲೆ ಕೊರಳಿಗೆ ಬಟ್ಟೆ. ಉಮ್ಮತ್ತಿಯ ಬೀಜ ಬೆರೆಸಿ ಪ್ರಯಾಣಿಕರನ್ನು ಮತ್ತುಗೊಳಿಸಿ ದೋಚುವವರೂ ಆ ಕಾಲದಲ್ಲಿದ್ದರು.

ಠಕ್ಕರು ಹೋದರು, ತಂತ್ರ ಹೋಗಲಿಲ್ಲ. ಅಪರಿಚಿತರು ಕೊಟ್ಟ ತಿಂಡಿ, ಪಾನೀಯ ಮುಟ್ಟಬೇಡಿ ಎಂದು ರೈಲಿನವರು ಇಂದಿಗೂ ಎಚ್ಚರಿಸುತ್ತಾರೆ. 'ಯಾವೂರಣ್ಣಾ? ಏನು ಲೋಡು?' ಎಂದು ಆರಂಭವಾಗುವ ಮಾತು ಬಹುಪಾಲು ಬರಿಯ ಸ್ನೇಹದ ಮಾತೇ ಇರುತ್ತದೆ. ಆದರೆ ಎಲ್ಲಿಗೆ, ಎಷ್ಟು ಬೆಲೆಯದು, ಎಷ್ಟು ಹೊತ್ತಿಗೆ ಹೊರಡುತ್ತೀರಿ ಎಂದು ಎಳೆ ಎಳೆಯಾಗಿ ವಿಚಾರಿಸುವವನಿಗೆ ನಗುತ್ತಲೇ ಉತ್ತರ ತಪ್ಪಿಸುವುದು ಒಳ್ಳೆಯದು. ಪ್ರವಾಸ ಹೊರಟ ವಿದ್ಯಾರ್ಥಿಗಳಿಗೂ ಈ ಮಾತು ಅನ್ವಯಿಸುತ್ತದೆ. 'ಮನೆಮಂದಿಯೆಲ್ಲ ಊರಿಗೆ ಹೊರಟೆವು' ಎಂದು ಮೊಬೈಲಿನಲ್ಲಿ ಫೋಟೋ ಸಮೇತ ಲೋಕಕ್ಕೆಲ್ಲ ಸಾರುವುದು, ಬಾಗಿಲಿಗೆ 'ಮನೆಯಲ್ಲಿ ಯಾರೂ ಇಲ್ಲ' ಎಂಬ ಬೋರ್ಡು ತೂಗುಹಾಕಿದಂತೆಯೇ. ಊರಿಗೆ ಮರಳಿದ ಮೇಲೆ ತೋರಿಸಿದರೂ ಚಿತ್ರದ ಅಂದ ಕೆಡುವುದಿಲ್ಲ.

ಮಂಗಗಳು ಕಲಿಸುವ ಪಾಠ

ತುಮಕೂರಿನಿಂದ ಹದಿನೈದು ಕಿಲೋಮೀಟರ್ ಆಸುಪಾಸಿನ ದೇವರಾಯನದುರ್ಗಕ್ಕೆ ಶಾಲಾ ಪ್ರವಾಸದ ಬಸ್ಸುಗಳು ಬರುತ್ತಲೇ ಇರುತ್ತವೆ. ಅಲ್ಲಿ ಗಾಡಿಗೆ ಕನ್ನ ಹಾಕುವ ಮೊದಲ ಕಳ್ಳರು ಬಾಲವುಳ್ಳವರು. ಕಿಟಕಿ ನಾಲ್ಕು ಬೆರಳು ತೆರೆದಿದ್ದರೆ ಸಾಕು, ಸೀಟಿನ ಮೇಲಿನ ಬಾಳೆಹಣ್ಣು ಮಾಯ. ಮಂಗನ ಲೆಕ್ಕಾಚಾರ ನೋಡಿ. ಕಣ್ಣಿಗೆ ಕಾಣದ ವಸ್ತುವಿಗಾಗಿ ಅದು ಕಿಟಕಿ ಕೆದಕುವುದಿಲ್ಲ. ಕಂಡದ್ದಕ್ಕೆ ಕೈ ಹಾಕುತ್ತದೆ, ಯಾರಾದರೂ ಕೋಲು ಹಿಡಿದು ನಿಂತಿದ್ದರೆ ಪಕ್ಕದ ಗಾಡಿಗೆ ಹೋಗುತ್ತದೆ. ಗಾಜು ಒಡೆದು ಬ್ಯಾಗು ಎತ್ತುವ ಮನುಷ್ಯನ ಲೆಕ್ಕಾಚಾರವೂ ಹೆಚ್ಚುಕಡಿಮೆ ಇಷ್ಟೇ. ಸೀಟಿನ ಮೇಲೆ ಬ್ಯಾಗು, ಲ್ಯಾಪ್‌ಟಾಪು, ಕ್ಯಾಮೆರಾ ಕಾಣುವಂತಿಟ್ಟು ಬೆಟ್ಟ ಹತ್ತಿದರೆ ಅವನನ್ನು ಕೈಬೀಸಿ ಕರೆದಂತೆ. ಹಾಗೆಯೇ ಸಾಮಾನನ್ನು ಡಿಕ್ಕಿಯೊಳಗೆ ತುಂಬುವ ಕೆಲಸ ಹೊರಡುವ ಜಾಗದಲ್ಲೇ ಆಗಬೇಕು. ತಲುಪಿದ ಜಾಗದಲ್ಲಿ ಎಲ್ಲರೆದುರು ತೆಗೆದು ತುಂಬುವುದು ಬಚ್ಚಿಟ್ಟಂತಲ್ಲ, ತೋರಿಸಿದಂತೆ.

ಇತ್ತೀಚೆಗೆ ಮಲಗುವ ಕೋಣೆ, ಅಡುಗೆ ಜಾಗ ಎಲ್ಲವೂ ಇರುವ ಕ್ಯಾರವಾನ್ ಗಾಡಿಗಳ ಮೋಜು ನಮ್ಮ ಕಡೆಗೂ ಬರುತ್ತಿದೆ. ನೆರೆಯ ಕೇರಳ 2021ರಲ್ಲಿ ಇಂಥ ಪ್ರವಾಸಕ್ಕೆಂದೇ 'ಕೇರವಾನ್ ಕೇರಳ' ಎಂಬ ಯೋಜನೆ ಆರಂಭಿಸಿತು. ಪಶ್ಚಿಮ ದೇಶಗಳಲ್ಲಿ ಕಾರಿನ ಹಿಂದೆ ಎಳೆದೊಯ್ಯುವ ಪ್ರವಾಸಿ ಟ್ರೇಲರ್ ಮನೆಗಳು ಸಾಮಾನ್ಯ. ಅಲ್ಲಿನವರು ಮೂತಿಗೆ ಬೀಗ, ಗಾಲಿಗೆ ಕಬ್ಬಿಣದ ಹಿಡಿ, ಒಳಗೆಲ್ಲೋ ಬಚ್ಚಿಟ್ಟ ಜಿಪಿಎಸ್ ಎಂದು ಮೂರು ಸುತ್ತಿನ ಕೋಟೆ ಕಟ್ಟುತ್ತಾರೆ. ಆದರೂ ಅವರು ಹೆಚ್ಚು ನಂಬುವುದು ದೀಪವಿರುವ, ನೋಡಿಕೊಳ್ಳುವವರಿರುವ ತಂಗುದಾಣವನ್ನೇ. ಸತ್ಯಮಂಗಲದ ಲಾರಿಯವ ಓದದೆ ಕಲಿತದ್ದೂ ಅದನ್ನೇ ಅಲ್ಲವೇ?

ಗುಬ್ಬಿಯ ಹೆಸರು ಹೇಳಿ ನಾಟಕದ ಕಂಪನಿಯನ್ನು ಮರೆಯುವಂತಿಲ್ಲ. 1884ರಲ್ಲಿ ಹುಟ್ಟಿದ ಆ ಕಂಪನಿ ಮುಂದೆ ಗುಬ್ಬಿ ವೀರಣ್ಣನವರ ಕಾಲದಲ್ಲಿ ಊರಿಂದೂರಿಗೆ ಸಂಸಾರ ಸಮೇತ ಸಂಚರಿಸಿತು. ಪರದೆ, ಪೋಷಾಕು, ಕಿರೀಟ, ಕೊನೆಗೆ 'ಕುರುಕ್ಷೇತ್ರ'ಕ್ಕೆ ಜೀವಂತ ಆನೆ ಕುದುರೆಗಳೂ! ಬೀಗದ ಪೆಟ್ಟಿಗೆಯಲ್ಲಿ ಹಿಡಿಯುವ ಆಸ್ತಿಯೇ ಅದು? ಒಂದು ಊರೇ ನಡೆದುಹೋದಂತಿದ್ದ ಕಂಪನಿಗೆ ಕಾವಲು ಎಂದರೆ ಕಂಪನಿಯ ಜನವೇ.

ಕಾನೂನು ಕಂಡುಕೊಂಡದ್ದು

1860ರ ಭಾರತೀಯ ದಂಡಸಂಹಿತೆಯ 380ನೇ ಕಲಂ ಮನೆಗಳ್ಳತನಕ್ಕೆ ಏಳು ವರ್ಷದವರೆಗೆ ಶಿಕ್ಷೆ ಹೇಳಿತ್ತು. ಕಟ್ಟಡ, ಡೇರೆ, ಹಡಗು. ವಾಸಕ್ಕೋ ಆಸ್ತಿ ಇಡಲಿಕ್ಕೋ ಬಳಸುವ ಈ ಮೂರನ್ನೇ ಅದು ಹೆಸರಿಸಿತ್ತು. ಮೋಟಾರು ಲಾರಿ ಆಗಿನ್ನೂ ಹುಟ್ಟಿರಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಂ ಆ ಪಟ್ಟಿಯನ್ನು ಹಿಗ್ಗಿಸಿತು. ಜನರನ್ನೋ ಸರಕನ್ನೋ ಸಾಗಿಸುವ ವಾಹನವನ್ನು ಕದಿಯುವುದು, ಅಂಥ ವಾಹನದೊಳಗಿನಿಂದ ಕದಿಯುವುದು ಎರಡೂ ಈಗ ಮನೆಗಳ್ಳತನದ ಸಾಲಿಗೇ ಸೇರಿವೆ. ಶಿಕ್ಷೆಯೂ ಏಳು ವರ್ಷದವರೆಗೆ. ಗಾಲಿಯ ಮೇಲಿನದೂ ಕಾಪಾಡಬೇಕಾದ ತಾಣವೇ ಎಂದು ಕಾನೂನು ಒಪ್ಪಿಕೊಳ್ಳಲು ನೂರಾ ಅರವತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು!

ಪ್ರಯಾಣಿಕರಿಗೆ ಇನ್ನೊಂದು ಅನುಕೂಲವಿದೆ. ಶಿರಾದ ಬಳಿ ಕಳ್ಳತನವಾಗಿ, ತುಮಕೂರಿಗೆ ಬಂದ ಮೇಲೆ ಗೊತ್ತಾಯಿತು ಎನ್ನಿ. 'ಇದು ನಮ್ಮ ವ್ಯಾಪ್ತಿಗೆ ಬರೋದಿಲ್ಲ' ಎಂದು ಕಳುಹಿಸುವಂತಿಲ್ಲ. ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು. ಅದನ್ನು ಸಂಬಂಧಪಟ್ಟ ಠಾಣೆಗೆ ಕಳುಹಿಸುತ್ತಾರೆ. ತುರ್ತಿಗೆ 112, ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033. ದೂರು ತಡವಾದಷ್ಟೂ ವಿಮೆಯ ಹಣ ದೂರವಾಗುತ್ತದೆ. ಗಾಡಿ ಕಳುವಾದರೆ ವಿಮೆಯವರು ಮೂಲ ಕೀಲಿಕೈಗಳನ್ನು ಕೇಳುವುದು ವಾಡಿಕೆ. ಎರಡನೆಯ ಕೀಲಿಕೈಯನ್ನು ಗಾಡಿಯ ಡ್ರಾಯರಿನಲ್ಲೇ ಇಡುವವರು ಇದನ್ನು ನೆನಪಿಡಬೇಕು.

ನಿದ್ದೆಯ ಬೆಲೆ

ಈಗ ಮುಖ್ಯ ಮಾತಿಗೆ ಬರೋಣ. ಲಾರಿಯ ಕಾವಲಿಗೆ ನಿಜವಾಗಿ ಖರ್ಚಾಗುತ್ತಿರುವುದು ಬೀಗವಲ್ಲ, ಚಾಲಕನ ನಿದ್ದೆ. ಬೇಸಿಗೆಯಲ್ಲಿ ಕಾದ ಕ್ಯಾಬಿನ್ನಿನಲ್ಲಿ ಕಿಟಕಿ ಮುಚ್ಚಿ ಮಲಗಲಾಗದು. ತೆರೆದು ಮಲಗಿದರೆ ಕಳ್ಳನ ಕೈ. 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯ ಮಾಡಿದ್ದಾರೆ. ಅದು ಓಡುವಾಗಿನ ಸೆಕೆಗೆ ಒಳ್ಳೆಯ ಪರಿಹಾರ. ಆದರೆ ಎಂಜಿನ್ ನಿಲ್ಲಿಸಿ ಮಲಗುವ ರಾತ್ರಿಗೆ? ಹಳೆಯ ಲಾರಿಗಳಿಗೆ?

ಭಯಕ್ಕೆ ಅರೆನಿದ್ದೆ ಮಾಡಿದ ಚಾಲಕ ಬೆಳಗಿನ ಜಾವ ಸ್ಟೀರಿಂಗ್ ಹಿಡಿಯುತ್ತಾನೆ. ಕೆಲವರು ಕಳ್ಳರಿಗೆ ಹೆದರಿ ಒಳರಸ್ತೆ ಬಿಟ್ಟು ಹೆದ್ದಾರಿಯ ಅಂಚಿನಲ್ಲೇ ಲಾರಿ ನಿಲ್ಲಿಸುತ್ತಾರೆ. ದೀಪವಿಲ್ಲದೆ ನಿಂತ ಲಾರಿಗೆ ಹಿಂದಿನಿಂದ ಬಂದ ಕಾರು ಗುದ್ದಿ ಕುಟುಂಬಗಳೇ ಅಳಿದ ಸುದ್ದಿಯನ್ನು ನಾವು ಮತ್ತೆ ಮತ್ತೆ ಓದುತ್ತೇವೆ. ರಸ್ತೆಯಲ್ಲಿ ಅಪಾಯವಾಗುವಂತೆ ಗಾಡಿ ನಿಲ್ಲಿಸುವುದು ಮೋಟಾರು ವಾಹನ ಕಾಯ್ದೆಯ ಪ್ರಕಾರ ತಪ್ಪು. ಸರಿ, ಎಲ್ಲಿ ನಿಲ್ಲಿಸಬೇಕು ಎಂದು ಅವನು ಕೇಳಿದರೆ ನಮ್ಮಲ್ಲಿ ಉತ್ತರ ಬೇಕಲ್ಲ! ಯಶವಂತಪುರದಲ್ಲಿ ದೇವರಾಜ ಅರಸು ಅವರ ಹೆಸರಿನ ಸರ್ಕಾರಿ ಸಂಸ್ಥೆಯ ಟ್ರಕ್ ಟರ್ಮಿನಲ್ ಇದೆ. ದೀಪ, ಕಾವಲು, ಶೌಚಾಲಯವಿರುವ ಇಂಥ ಜಾಗ ಪ್ರತಿಯೊಂದು ಕೈಗಾರಿಕಾ ಪ್ರದೇಶದ ನಕ್ಷೆಯಲ್ಲೂ ಕಾರ್ಖಾನೆಯಷ್ಟೇ ಮುಖ್ಯವಾಗಿ ಇರಬೇಕು. ಸರಕು ಬರಲಿ ಎನ್ನುವವರು, ಅದನ್ನು ತಂದವನು ಎಲ್ಲಿ ಮಲಗುತ್ತಾನೆ ಎಂದೂ ಕೇಳಬೇಕು.

ಪೋಷಕರು ಗಮನಿಸಬೇಕಾದದ್ದೂ ಇಲ್ಲೇ ಇದೆ. ಶಾಲಾ ಪ್ರವಾಸದಲ್ಲಿ ಮಕ್ಕಳು, ಮೇಷ್ಟ್ರುಗಳು ಛತ್ರದಲ್ಲಿ ಮಲಗುತ್ತಾರೆ. 'ನಮ್ಮ ಲಗೇಜೆಲ್ಲ ಬಸ್ಸಲ್ಲೇ ಇದೆ, ಸ್ವಲ್ಪ ನೋಡ್ಕೊಳ್ಳಿ ಡ್ರೈವರಣ್ಣ' ಎಂದು ಹೇಳಿ ಹೋಗುತ್ತಾರೆ. ರಾತ್ರಿಯಿಡೀ ಬಸ್ಸು ಕಾದ ಅದೇ ಅಣ್ಣ ಮರುದಿನ ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಯಬೇಕು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಚಾಲಕರಿಗೆ ದಿನಕ್ಕೆ ಎಂಟು ಗಂಟೆ ದುಡಿಮೆ, ಐದು ಗಂಟೆಗೊಮ್ಮೆ ಅರ್ಧ ಗಂಟೆಯಾದರೂ ಬಿಡುವು ಎಂಬ ತತ್ವವನ್ನು ಸ್ಥಾಪಿಸಿತು. ನಮ್ಮ ಪ್ರವಾಸದ ವೇಳಾಪಟ್ಟಿಗಳಲ್ಲಿ ಎಂಟು ದೇವಸ್ಥಾನ, ಮೂರು ಜಲಪಾತ ಇರುತ್ತವೆ. ಚಾಲಕನ ನಿದ್ದೆಗೆ ಒಂದು ಸಾಲೂ ಇರುವುದಿಲ್ಲ. ಪ್ರವಾಸಕ್ಕೆ ಸಹಿ ಹಾಕುವ ಮುನ್ನ ಪೋಷಕರು ಎರಡು ಪ್ರಶ್ನೆ ಕೇಳಲಿ. ರಾತ್ರಿ ಬಸ್ಸು ಎಲ್ಲಿ ನಿಲ್ಲುತ್ತದೆ? ಚಾಲಕರು ಎಲ್ಲಿ ಮಲಗುತ್ತಾರೆ?

ಕಳೆದುಹೋದ ಬ್ಯಾಗನ್ನು ಮತ್ತೆ ಕೊಳ್ಳಬಹುದು. ಮಕ್ಕಳ ಲಗೇಜನ್ನು ಚಾಲಕನ ನಿದ್ದೆ ಅಡವಿಟ್ಟು ಕಾಯಬೇಕಾಗಿಲ್ಲ. ಬೆಲೆಬಾಳುವುದನ್ನು ಜೊತೆಗೇ ಒಯ್ದು, ಉಳಿದದ್ದಕ್ಕೆ ಬೀಗ ಹಾಕಿ, ಬೆಳಕಿರುವ ಆವರಣದಲ್ಲಿ ಬಸ್ಸು ನಿಲ್ಲಿಸಿ, ಆ ಅಣ್ಣನಿಗೂ ಒಂದು ಹಾಸಿಗೆ ಕೊಡಿ. ಜಾತ್ರೆಯ ಚಪ್ಪರದವರು ಹಂಚಿಕೊಂಡಂತೆ ಕಾವಲನ್ನು ಎಲ್ಲರೂ ಹಂಚಿಕೊಂಡರೆ ಒಬ್ಬನೇ ರಾತ್ರಿಯೆಲ್ಲ ಎದ್ದು ಕೂರಬೇಕಾಗುವುದಿಲ್ಲ.

ಹೋಗುವ ದಾರಿ

ಬೆಂಗಳೂರಿನಿಂದ ತುಮಕೂರಿಗೆ ಸುಮಾರು 70 ಕಿ.ಮೀ. ಬಸ್ಸು, ರೈಲು ಎರಡೂ ಧಾರಾಳವಾಗಿವೆ. ದಾರಿಯಲ್ಲೇ ಕ್ಯಾತ್ಸಂದ್ರದ ಬಳಿ ಸಿದ್ಧಗಂಗಾ ಮಠ. ತುಮಕೂರಿನಿಂದ ಗುಬ್ಬಿ ಸುಮಾರು 20 ಕಿ.ಮೀ.; ಅಲ್ಲಿ ಚನ್ನಬಸವೇಶ್ವರ ದೇವಾಲಯ ನೋಡಬಹುದು. ಕುಣಿಗಲ್ ಕಡೆ ಹೋದರೆ ದೊಡ್ಡ ಕೆರೆ, ಕುದುರೆ ಫಾರಂ, ಮುಂದೆ ಎಡೆಯೂರು ಸಿದ್ಧಲಿಂಗೇಶ್ವರ ಕ್ಷೇತ್ರ. ದೇವರಾಯನದುರ್ಗಕ್ಕೆ ಹೋಗುವವರು ಗಾಡಿಯ ಕಿಟಕಿ ಪೂರ್ತಿ ಮುಚ್ಚಿ, ಬಾಳೆಹಣ್ಣನ್ನು ಕಣ್ಣಿಗೆ ಬೀಳದಂತೆ ಇಡುವುದು ಒಳ್ಳೆಯದು.